ಅರವತ್ತಮೂರು ಡಿಗ್ರಿ ಆಚೆಯ ಹನ್ನೆರಡು ಗಂಟೆ

ಕೂಡಬೇಕೋ, ಕಳೆಯಬೇಕೋ? ಇಪ್ಪತ್ತೆರಡು ವರ್ಷ ಮಕ್ಕಳ ತಲೆಗೆ ರೇಖಾಂಶ ತುಂಬಿದ ಭೂಗೋಳದ ಮೇಷ್ಟ್ರಿಗೆ ಆ ಶನಿವಾರ ಹಲ್ಲುಜ್ಜುವಾಗ ಇದೇ ಅನುಮಾನ. ಪೂರ್ವಕ್ಕೆ ಹೋದರೆ ಕೂಡಬೇಕು, ಪಶ್ಚಿಮಕ್ಕೆ ಹೋದರೆ ಕಳೆಯಬೇಕು. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದರು. ಆದರೆ ಆ ಪಶ್ಚಿಮದ ತುದಿಯಲ್ಲಿ ಕುಳಿತಿರುವುದು ಚಿತ್ರಕಲೆ ಟೀಚರ್ ಎಂದಾಗ, ಸೂರ್ಯ ಯಾವ ಕಡೆ ಹುಟ್ಟುತ್ತಾನೆ ಎಂಬುದೇ ಮರೆತುಹೋಗುತ್ತಿತ್ತು.

ಟೀಚರ್ ಮೂರು ವರ್ಷದ ಹಿಂದೆ ದೂರದ ದ್ವೀಪವೊಂದರ ಶಾಲೆಗೆ ಹೋಗಿದ್ದರು. ಹೊರಡುವ ದಿನ ಎಲ್ಲರ ಪರವಾಗಿ ಮೇಷ್ಟ್ರು ಒಂದು ಕೈಗಡಿಯಾರ ಕೊಟ್ಟಿದ್ದರು. ಸ್ಟಾಫ್ ರೂಮಿನ ಗೋಡೆ ಗಡಿಯಾರ ನೋಡಿ ತಾವೇ ಮುಳ್ಳು ಹೊಂದಿಸಿ, "ಅಲ್ಲಿ ಇಳಿದ ತಕ್ಷಣ ತಿರುಗಿಸ್ಕೊಳ್ಳಿ, ಮರೀಬೇಡಿ" ಎಂದಿದ್ದರು. ಹೇಳಲು ಹೋದದ್ದು ಬೇರೆ ಮಾತು.

ಈಗ ಕಾಗದ ಬಂದಿತ್ತು. 'ಇಲ್ಲಿ ಇನ್ನೈದು ವರ್ಷ ಇರಲು ಒಪ್ಪಿ ಶನಿವಾರ ಸಹಿ ಮಾಡಬೇಕು. ಮಾಡಲೋ, ಬೇಡವೋ, ನೀವು ಹೇಳಿ. ನನ್ನ ಗಡಿಯಾರ ಹನ್ನೆರಡು ತೋರಿಸಿದಾಗ ಅಂಚೆಕಚೇರಿಯಿಂದ ಸ್ಟಾಫ್ ರೂಮಿಗೆ ಫೋನ್ ಮಾಡುತ್ತೇನೆ.'

ಮೇಷ್ಟ್ರು ಅದನ್ನು ಅಟ್ಲಾಸಿನೊಳಗೆ ಬಚ್ಚಿಟ್ಟರು. ಲೆಕ್ಕದ ಮೇಡಂ ಅಟ್ಲಾಸ್ ಎರವಲು ಪಡೆದರು. ಗುಟ್ಟು ಪ್ರಾರ್ಥನೆಯ ಸಾಲಿನವರೆಗೂ ಹೋಯಿತು. ಶನಿವಾರ ಹನ್ನೊಂದೂವರೆಗೆ ಮಕ್ಕಳು ಮನೆಗೆ ಓಡಿದರು. ಮೇಡಮ್ಮಾಗಲೀ ಡ್ರಿಲ್ ಮೇಷ್ಟ್ರಾಗಲೀ ಕದಲಲಿಲ್ಲ.

"ನಮ್ಮಿಂದ ಅರವತ್ತಮೂರು ಡಿಗ್ರಿ ಪಶ್ಚಿಮ. ಡಿಗ್ರಿಗೆ ನಾಲ್ಕು ನಿಮಿಷ. ನಾಲ್ಕು ಗಂಟೆ ಹನ್ನೆರಡು ನಿಮಿಷದ ವ್ಯತ್ಯಾಸ," ಎಂದರು ಮೇಡಂ, ಕೇಳದೆಯೇ.

"ಅದು ಸೂರ್ಯನ ಲೆಕ್ಕ ಮೇಡಂ. ಊರೂರಿಗೆ ಒಂದೊಂದು ಟೈಮ್ ಇಟ್ಕೊಂಡ್ರೆ ರೈಲು ಯಾರ ಗಡಿಯಾರ ನೋಡಿ ಹೊರಡ್ಬೇಕು? ಗಡಿಯಾರಕ್ಕೆ ಬರೀ ನಾಲ್ಕು ಗಂಟೆ," ಎಂದರು ಮೇಷ್ಟ್ರು.

"ಹಂಗಾದ್ರೆ ಹನ್ನೆರಡರಲ್ಲಿ ನಾಲ್ಕು ಹೋದ್ರೆ ಎಂಟು," ಡ್ರಿಲ್ ಮೇಷ್ಟ್ರು ತೊಡೆ ತಟ್ಟಿದರು. "ಬೆಳಿಗ್ಗೆ ಎಂಟಕ್ಕೇ ಮುಗ್ದೋಯ್ತು ಸಾರ್! ನೀವಾಗ ಏನ್ ಮಾಡ್ತಿದ್ರಿ?"

ಮೇಷ್ಟ್ರ ಮುಖ ಸೀಮೆಸುಣ್ಣವಾಯಿತು. "ಹಲ್ಲುಜ್ತಿದ್ದೆ."

"ಸುಮ್ನಿರ್ರೀ. ಅಲ್ಲಿ ಹನ್ನೆರಡಾದಾಗ ಇಲ್ಲಿ ಸಂಜೆ ನಾಲ್ಕು," ಎಂದರು ಮೇಡಂ.

ಮಾತಿನಲ್ಲಿ ಬಗೆಹರಿಯಲಿಲ್ಲ. ಗ್ಲೋಬ್ ಬಂತು. ಡ್ರಿಲ್ ಮೇಷ್ಟ್ರು ಟಾರ್ಚ್ ಹಿಡಿದು ಸೂರ್ಯನಾದರು. ತುಕ್ಕು ಹಿಡಿದ ಗ್ಲೋಬ್ ಒಂದೇ ದಿಕ್ಕಿಗೆ ತಿರುಗುತ್ತಿತ್ತು, ಅದೂ ತಪ್ಪು ದಿಕ್ಕಿಗೆ. ಮೇಡಂ ಬಲವಂತ ಮಾಡಿದರು. ಭೂಮಿ ಕಡ್ಡಿಯಿಂದ ಕಳಚಿಕೊಂಡು, ಸಾಲ ಕೊಟ್ಟವನನ್ನು ಕಂಡಂತೆ ಉರುಳಿ ಬೀರುವಿನ ಕೆಳಗೆ ಸೇರಿತು. ಮೇಷ್ಟ್ರು ಬೋರಲು ಮಲಗಿ ತೆವಳಿದರು. ದ್ವೀಪಕ್ಕೆ ಬೆರಳು ತಾಗುವಷ್ಟರಲ್ಲಿ ಗೋಡೆ ಗಡಿಯಾರ ಹನ್ನೆರಡು ಹೊಡೆಯತೊಡಗಿತು. ಜೊತೆಗೇ ಫೋನೂ ಬಡಿದುಕೊಂಡಿತು.

"ಯಾರ್ರೀ ಅದು ಈ ಹೊತ್ತಲ್ಲಿ!" ಮೇಷ್ಟ್ರು ಜೇಡರಬಲೆ ಸಮೇತ ಹೊರಬಂದು ರಿಸೀವರ್ ಎತ್ತಿ ಕುಕ್ಕಿದರು. ಮತ್ತೆ ಬಡಿಯಿತು. ಈ ಸಲ ಎತ್ತಿ ಮೇಜಿನ ಮೇಲೆ ಅಂಗಾತ ಮಲಗಿಸಿದರು. "ನಾಲ್ಕರವರೆಗೆ ಹಿಂಗೇ ಇರ್ಲಿ. ಲೆಕ್ಕ ತಪ್ಪುತ್ತೆ."

ಮೂರೂವರೆಗೆ ಅದನ್ನು ಸ್ವಸ್ಥಾನಕ್ಕಿಟ್ಟರು. ತಲೆ ಬಾಚಿಕೊಂಡರು. ಒಂದೇ ಒಂದು ಪದ. ಕಿಟಕಿಯ ಗಾಜಿಗೆ ಹೇಳಿ ನೋಡಿದರು, ತುಟಿ ಚೆನ್ನಾಗಿಯೇ ಆಡಿತು. ನಾಲ್ಕಾಯಿತು. ಮೇಡಂ ಗೌರವಾರ್ಥ ನಾಲ್ಕು ಹನ್ನೆರಡೂ ಆಯಿತು.

"ಅಲ್ಲಿ ಮೋಡ ಕವಿದಿರ್ಬೇಕು," ಎಂದರು ಡ್ರಿಲ್ ಮೇಷ್ಟ್ರು.

ನಾಲ್ಕೂವರೆಗೆ ಮೇಷ್ಟ್ರೇ ಕಾಗದದ ಮೇಲಿದ್ದ ಅಂಚೆಕಚೇರಿಯ ನಂಬರು ತಿರುಗಿಸಿದರು. ಅಲ್ಲಿಯ ಅಂಚೆಯಮ್ಮ ಎತ್ತಿದರು.

"ಡ್ರಾಯಿಂಗ್ ಟೀಚರಾ? ಬೆಳಿಗ್ಗೆ ಎಂಟಕ್ಕೇ ಬಂದಿದ್ರಲ್ಲ. ಮೊದಲನೇ ಸಲ ಯಾರೋ ಎತ್ತಿ ಕುಕ್ಕಿದ್ರಂತೆ. ಎರಡನೇ ಸಲ ಯಾವ್ದೋ ನಾಲ್ಕು ಗಂಟೆ ಮಾತು ಕೇಳಿಸ್ತಂತೆ. ಆಮೇಲೆ ಬರೀ ಎಂಗೇಜು. ಪಾಪ, ನನ್ ಮೇಜಿನ ಮೇಲೇ ಸಹಿ ಮಾಡಿ ಕೊಟ್ರು. ಆ ಕಾಗದ ಒಂಬತ್ತರ ದೋಣೀಲಿ ಹೋಯ್ತು."

"ಎಂಟಕ್ಕೆ ಯಾಕೆ? ಹನ್ನೆರಡು ಅಂತ ಬರ್ದಿದ್ರಲ್ಲ!"

"ಅಯ್ಯೋ, ಅವ್ರ ಗಡಿಯಾರ ಯಾವತ್ತೂ ನಾಲ್ಕು ಗಂಟೆ ಮುಂದೆ! ಸರಿ ಮಾಡ್ಕೊಳ್ಳಮ್ಮಾ ಅಂತ ಮೂರು ವರ್ಷದಿಂದ ಹೇಳ್ತಿದೀನಿ. ಯಾವ್ದೋ ಊರಿನ ಟೈಮಂತೆ. ಮುಳ್ಳು ಮುಟ್ಟೋಕೇ ಬಿಡಲ್ಲ."

ಮೇಷ್ಟ್ರು ಗೋಡೆಯ ಕಡೆ ನೋಡಿದರು.

"ಅವ್ರಿಗೆ ಏನಾದ್ರೂ ಹೇಳ್ಬೇಕಾ?"

ಎದುರಿಗೆ ಇಬ್ಬರು ಉಸಿರು ಬಿಗಿಹಿಡಿದು ಕುಳಿತಿದ್ದರು. ಮೇಷ್ಟ್ರು ರಿಸೀವರ್ ಇನ್ನೊಂದು ಕಿವಿಗೆ ಬದಲಿಸಿದರು.

"ಗಡಿಯಾರ ಸರಿಯಾಗೇ ಇದೆ ಅಂತ ಹೇಳಿ."

ಫೋನಿಟ್ಟ ಮೇಲೆ ಡ್ರಿಲ್ ಮೇಷ್ಟ್ರಿಗೆ ತಡೆಯಲಾಗಲಿಲ್ಲ. "ಏನಂತೆ ಸಾರ್? ಕೂಡ್ಬೇಕಿತ್ತೋ, ಕಳೀಬೇಕಿತ್ತೋ?"

"ಎರಡೂ ಬೇಕಿರ್ಲಿಲ್ಲ," ಎಂದರು ಮೇಷ್ಟ್ರು. ಆಮೇಲೆ ಭೂಮಿಯನ್ನು ಕಡ್ಡಿಗೆ ಸಿಕ್ಕಿಸಲು ಕುಳಿತರು.

ಮೂರು ವರ್ಷದ ಹಿಂದೆ ಅವರು ಹೋಗಬೇಡಿ ಎಂದು ಹೇಳಲಿಲ್ಲ. ಈ ದಿನ ಬನ್ನಿ ಎಂದೂ ಹೇಳಲಿಲ್ಲ.