ಜರಿಯಂಚಿನ ಚೀಲದಲ್ಲಿ ಸ್ಕ್ರೂಡ್ರೈವರ್

ಗಂಡ ರಿಪೇರಿಯವನು, ಹೆಂಡತಿ ಬ್ಲೌಸ್ ಹೊಲಿಯುವವಳು, ಇಬ್ಬರ ಸಾಮಾನೂ ವಡಾಲದ ಒಂದೇ ಖೋಲಿಯಲ್ಲಿ ಹಿಡಿಸಬೇಕು ಎಂದರೆ ಒಂದಲ್ಲ ಒಂದು ಫಜೀತಿ ನಡೆಯುತ್ತಲೇ ಇರುತ್ತದೆ. ಒಂದು ವಾರ ಏನೂ ನಡೆಯದಿದ್ದರೆ ನನಗೇ ಏನೋ ಮರೆತ ಹಾಗಾಗುತ್ತದೆ. ನಾನು ಧಾರವಾಡದ ಕಡೆಯವನು. ಇಪ್ಪತ್ತು ವರ್ಷದಿಂದ ಮುಂಬೈಯ ಉಡುಪಿ ಹೋಟೆಲುಗಳಲ್ಲಿ ಗ್ರೈಂಡರು, ಮಿಕ್ಸರು ರಿಪೇರಿ ಮಾಡುತ್ತಿದ್ದೇನೆ. ಕೆಲಸಕ್ಕೆ ಒಳ್ಳೆಯ ಹೆಸರಿದೆ. ಆ ಹೆಸರಿನಲ್ಲಿ ಅರ್ಧಕ್ಕಿಂತ ಹೆಚ್ಚು ಯಾರದು ಎಂದು ಹೇಳಲಿಕ್ಕೇ ಇದನ್ನು ಬರೆಯಲು ಕೂತಿದ್ದು.

ಸೋಸಿದ ಹಿಟ್ಟು

ಮೊದಲು ನನ್ನ ಹತ್ತಿರ ಇದ್ದದ್ದು ಒಂದೇ ದೊಡ್ಡ ಕ್ಯಾನ್ವಾಸ್ ಚೀಲ. ನಟ್ಟು ಬಿಚ್ಚುವ ಪಾನಾ, ತಂತಿ ಹಿಡಿಯುವ ಪಕ್ಕಡ, ಸ್ಕ್ರೂಡ್ರೈವರು, ಟೆಸ್ಟರು, ಬಿಡಿ ಬೋಲ್ಟುಗಳು, ಕೆಲವೊಮ್ಮೆ ಊಟದ ಡಬ್ಬಿ, ಎಲ್ಲವೂ ಅದರಲ್ಲೇ. ಸಣ್ಣದೇನಾದರೂ ಬೇಕಾದರೆ ಕೈಹಾಕಿ ಹುಡುಕುವ ಮಾತೇ ಇಲ್ಲ. ಚೀಲ ತಲೆಕೆಳಗು ಮಾಡಿ ನೆಲದ ಮೇಲೆ ಸುರಿಯುವುದು, ಬೇಕಾದ್ದು ಹೆಕ್ಕುವುದು, ಮತ್ತೆ ಎಲ್ಲ ಒಳಗೆ ತುಂಬುವುದು.

ಒಂದು ದಿನ ಬೆಳಿಗ್ಗೆ ಗ್ರಾಂಟ್ ರೋಡಿನ ಒಂದು ಹೋಟೆಲಿನಿಂದ ಕರೆ ಬಂತು. ಗ್ರೈಂಡರಿನ ಗುಂಡು ಅಲುಗಾಡುತ್ತಿದೆ ಎಂದರು. ಹೋಗಿ ನೋಡಿದರೆ ಗುಂಡನ್ನು ಹಿಡಿದಿಡುವ ಒಂದು ನಟ್ಟು ಕಾಣೆಯಾಗಿತ್ತು. ಅದೇ ಅಳತೆಯ ಇನ್ನೊಂದು ನನ್ನ ಹತ್ತಿರ ಇರಬೇಕು ಎಂದು ಅಲ್ಲೇ ಚೀಲ ಸುರಿದೆ. ಟಣಟಣ ಎಂದು ಎಲ್ಲ ಉರುಳಿದವು. ಪಕ್ಕದಲ್ಲೇ ಬಾಯಿ ತೆರೆದ ಪಾತ್ರೆಯಲ್ಲಿ ಇಡ್ಲಿ ಹಿಟ್ಟು. ವಾಪಸು ತುಂಬುವಾಗ ನೋಡುತ್ತೇನೆ, ಆರು ಮೂಲೆಯ ಸ್ಕ್ರೂ ತಿರುಗಿಸುವ ಸಣ್ಣ ಅಲೆನ್ ಕೀ ಇಲ್ಲ.

ನನ್ನ ಮುಖ ನೋಡಿಯೇ ಅಡುಗೆ ಭಟ್ಟರಿಗೆ ತಿಳಿಯಿತು. "ಹಿಟ್ಟಿಗೆ ಬಿತ್ತಾ?"

ಗಲ್ಲಾದಿಂದ ಮಾಲೀಕರು ಓಡಿ ಬಂದರು. ಅವರು ಕರಾವಳಿಯವರು, ಸಿಟ್ಟು ಬಂದರೂ ಮರ್ಯಾದೆ ಬಿಡುವವರಲ್ಲ. "ಎಂತ ಮಾರಾಯ್ರೆ, ನಮ್ಮ ಇಡ್ಲಿ ಮೆತ್ತಗೆ ಅಂತ ಹೆಸರು ಉಂಟು. ಅದರಲ್ಲಿ ಕಬ್ಬಿಣ ಹಾಕ್ತೀರಾ?"

ಹೊರಗೆ ಗಿರಾಕಿಗಳು "ಇಡ್ಲಿ, ಇಡ್ಲಿ" ಎನ್ನುತ್ತಿದ್ದರು. ಒಳಗೆ ಭಟ್ಟರು ಜರಡಿ ಹಿಡಿದು ಇಡೀ ಪಾತ್ರೆಯ ಹಿಟ್ಟನ್ನು ಸೌಟಿನಿಂದ ತಿರುವಿ ತಿರುವಿ ಸೋಸಿದರು. ನಾನು ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದೆ. ಈ ಹೋಟೆಲಿನ ಕೆಲಸ ಇವತ್ತಿಗೆ ಮುಗಿಯಿತು ಎಂದೇ ಅಂದುಕೊಂಡಿದ್ದೆ. ತಳಕ್ಕೆ ಬಂದಾಗ ಜರಡಿಯಲ್ಲಿ 'ಠಕ್' ಎಂದಿತು. ತೆಗೆದು ತೊಳೆದರೆ ಅಲೆನ್ ಕೀ ಅಲ್ಲ, ನಟ್ಟು. ಗ್ರೈಂಡರಿನಿಂದ ಕಾಣೆಯಾದದ್ದೇ! ನನ್ನ ಅಲೆನ್ ಕೀ ನನ್ನ ಅಂಗಿಯ ಜೇಬಿನಲ್ಲೇ ಇತ್ತು.

ಮಾಲೀಕರು ಆ ಹಿಟ್ಟನ್ನೆಲ್ಲ ಚೆಲ್ಲಿಸಿದರು. ಇವತ್ತು ಇಡ್ಲಿ ಇಲ್ಲ ಎಂದು ಹೊರಗೆ ಹೇಳಿಸಿದರು. ಆಮೇಲೆ ನಟ್ಟನ್ನು ಬೆರಳಲ್ಲಿ ಹಿಡಿದು ಹೇಳಿದರು: "ಇದು ಯಾರದಾದರೂ ಹಲ್ಲಿಗೆ ಸಿಕ್ಕಿದ್ದರೆ! ಬೈಯಬೇಕು ಅಂತ ಬಾಯಿ ತೆಗೆದ ನನ್ನ ಕೈಯಲ್ಲಿ ಥ್ಯಾಂಕ್ಸ್ ಹೇಳಿಸ್ತೀರಲ್ಲ, ನೀವು ಸಾಮಾನ್ಯದವರಲ್ಲ."

ಹಾಸಿಗೆ ತುಂಬ ಪಾನಾ

ಮನೆಗೆ ಬಂದು ಇದನ್ನು ನಗುತ್ತಾ ಹೇಳಿದೆ. ನನ್ನ ಹೆಂಡತಿ ನಗಲಿಲ್ಲ.

"ಚೀಲ ಇತ್ಲಾಗ ಕೊಡ್ರಿ" ಎಂದಳು. ಹಾಸಿಗೆಯ ಮೇಲೆ ಹಳೆಯ ಬೆಡ್‌ಶೀಟ್ ಹಾಸಿ ಎಲ್ಲವನ್ನೂ ಸುರಿದಳು. ಒಂದೊಂದನ್ನೇ ಎತ್ತಿ ಹಿಡಿದು ಕೇಳಿದಳು: "ಇದರ ಕೆಲಸ ಏನು? ಇದನ್ನ ತಗೊಂಡ ಮ್ಯಾಲೆ ಮುಂದ ಯಾವುದು ಬೇಕಾಗ್ತದ?" ನನಗೆ ಪರೀಕ್ಷೆಗೆ ಕೂತ ಹಾಗಾಯಿತು. ಕೊನೆಗೆ ನಾನೇ ಜಾಣತನ ತೋರಿಸಿದೆ. "ಪಾನಾ ಎಲ್ಲಾ ಒಂದು ಚೀಲ, ಸ್ಕ್ರೂಡ್ರೈವರ್ ಎಲ್ಲಾ ಒಂದು ಚೀಲ ಮಾಡಿಬಿಡು."

"ಸೂಜಿ ಎಲ್ಲಾ ಒಂದ ಕಡೆ, ಹುಕ್ಕ ಎಲ್ಲಾ ಇನ್ನೊಂದ ಕಡೆ ಇಟ್ರ ನನ್ನ ಕೆಲಸ ಆಗ್ತದೇನ್ರಿ? ಹುಕ್ ಹಚ್ಚೂ ಹೊತ್ನಾಗ ಸೂಜಿ, ದಾರ, ಹುಕ್ಕ, ಮೂರೂ ಒಂದ ಸಲಕ್ಕ ಕೈಗೆ ಬರಬೇಕು."

ಇಪ್ಪತ್ತು ವರ್ಷದಲ್ಲಿ ನನಗೆ ಹೊಳೆಯದ ಮಾತು ಅದು. ಸಾಮಾನಿನ ಜಾತಿ ನೋಡದೆ ಕೆಲಸ ನೋಡಿ ಆಕೆ ಭಾಗ ಮಾಡಿದಳು. ಮುಚ್ಚಳ ಬಿಚ್ಚುವುದಕ್ಕೆ ಬೇಕಾದ್ದು ಒಂದು ಚೀಲ, ತಂತಿ ಕೆಲಸದ್ದು ಇನ್ನೊಂದು, ಬೆಲ್ಟಿನ ಕೆಲಸದ್ದು ಮತ್ತೊಂದು, ಹೀಗೆ ಆರು. ಹಳೆಯ ರೇನ್‌ಕೋಟು ಕತ್ತರಿಸಿ ಒಳಗೆ ಅಸ್ತರು ಕೊಟ್ಟಳು, ಎಣ್ಣೆ ಜಿಡ್ಡು ಒರೆಸಿದರೆ ಹೋಗಬೇಕಲ್ಲ. ಬಾಯಿಗೆ ಗಟ್ಟಿ ಜಿಪ್. ಪ್ರತಿ ಚೀಲದ ಒಳಗೆ ಒಂದು ಸಣ್ಣ ಪಟ್ಟಿ, ಅದರ ಮೇಲೆ ಒಳಗಿರುವ ಸಾಮಾನಿನ ಲೆಕ್ಕ ದಾರದಲ್ಲಿ ಹೊಲಿದಿದ್ದಳು: ಐದು, ಏಳು, ನಾಲ್ಕು. ಮೂರು ದಿನ ಗಿರಾಕಿಗಳ ಬ್ಲೌಸು ಬದಿಗಿಟ್ಟು ಇದನ್ನೇ ಮಾಡಿದಳು.

ಒಂದೇ ತೊಂದರೆ. ಹೊರಗಿನ ಬಟ್ಟೆ ಎಲ್ಲ ಉಳಿದ ಬ್ಲೌಸ್ ಪೀಸುಗಳದ್ದು. ರಾಮಾ ಹಸಿರು, ಗುಲಾಬಿ, ಅರಿಶಿನ, ಅದಕ್ಕೆ ಜರಿ ಅಂಚು ಬೇರೆ.

"ಇದರೊಳಗಿಂದ ಪಕ್ಕಡ ತಗದ್ರ ಮಂದಿ ಏನಂತಾರ?" ಎಂದೆ.

"ಇಷ್ಟು ದಿನ ನೆಲದ ಮ್ಯಾಲೆ ಕುಂತು ಹೆಕ್ಕತಿದ್ರೆಲ್ಲಾ, ಆವಾಗ ಏನಂತಿದ್ರು?"

ಮೂವತ್ತೊಂದು ಬರಾಬರ್

ಪರೇಲಿನ ಒಂದು ದೊಡ್ಡ ಆಫೀಸಿನ ಕ್ಯಾಂಟೀನಿಗೆ ತಿಂಗಳಿಗೊಮ್ಮೆ ಹೋಗುತ್ತೇನೆ. ಗೇಟಿನಲ್ಲಿ ಗಾರ್ಡು ಒಂದೊಂದು ಸಾಮಾನೂ ಎಣಿಸಿ ರಿಜಿಸ್ಟರಿನಲ್ಲಿ ಬರೆಯಬೇಕು, ಹೊರಗೆ ಬರುವಾಗ ಮತ್ತೆ ಎಣಿಸಬೇಕು. ಮೊದಲು ಇದಕ್ಕೇ ಅರ್ಧ ಗಂಟೆ ಹೋಗುತ್ತಿತ್ತು. ಚೀಲಗಳು ಬಂದ ಮೇಲೆ ಜಿಪ್ ಎಳೆ, ಪಟ್ಟಿ ನೋಡು, ಜಿಪ್ ಮುಚ್ಚು. ಐದು ನಿಮಿಷ.

ಗಾರ್ಡು ಖುಷಿಯಾಗಿ ಎಲ್ಲವನ್ನೂ ತಿರುಗಿಸಿ ಮುರುಗಿಸಿ ನೋಡಿದ. ಹೆಂಡತಿ ಹೊಲಿದದ್ದು ಎಂದೆ. "ಭಾಭೀನೇ ಬನಾಯಾ? ಕ್ಯಾ ಬಾತ್ ಹೈ!" ಒಟ್ಟು ಮೂವತ್ತೊಂದು ಎಂದು ಬರೆದುಕೊಂಡ. ನಾನು ಎದೆ ಉಬ್ಬಿಸಿಕೊಂಡು ಒಳಗೆ ಹೋದೆ.

ಹೊರಗೆ ಬರುವಾಗ ಎಣಿಸಿದರೆ ಮೂವತ್ತು. ಹಸಿರು ಚೀಲದ ಪಟ್ಟಿಯಲ್ಲಿ ಏಳು ಎಂದಿದೆ, ಒಳಗೆ ಇರುವುದು ಆರು. ಟೆಸ್ಟರು ಇಲ್ಲ. ಗಾರ್ಡಿನ ಮುಖ ಬಿಗಿಯಾಯಿತು. ಸಾಮಾನು ಒಳಗೆ ಉಳಿದರೆ ನಾನು ಹೊರಗೆ ಹೋಗುವ ಹಾಗಿಲ್ಲ. ವಾಪಸು ಹೋಗಿ ಮೇಜಿನ ಕೆಳಗೆ, ಫ್ರಿಜ್ಜಿನ ಹಿಂದೆ, ಸಾಂಬಾರಿನ ಡಬರಿಯಲ್ಲಿ ಕೂಡ ಹುಡುಕಿದೆ. ಸಿಗಲಿಲ್ಲ. ಬೆವರು ಒರೆಸಿಕೊಳ್ಳುತ್ತಾ ಗೇಟಿಗೆ ಬಂದರೆ, ಗಾರ್ಡು ಗಂಭೀರವಾಗಿ ಯೋಚಿಸುತ್ತಾ ಕಾಲರಿನೊಳಗೆ ಏನನ್ನೋ ಇಳಿಸಿ ಬೆನ್ನು ಕೆರೆದುಕೊಳ್ಳುತ್ತಿದ್ದ.

ಅದು ನನ್ನ ಟೆಸ್ಟರು. ಬೆಳಿಗ್ಗೆ ನೋಡಲು ತೆಗೆದವನು ಒಳಗೆ ಇಡಲು ಮರೆತಿದ್ದ.

ಆತ ನಾಚಿಕೊಳ್ಳಲಿಲ್ಲ. ರಿಜಿಸ್ಟರಿನಲ್ಲಿ 'ಮೂವತ್ತೊಂದು, ಬರಾಬರ್' ಎಂದು ಬರೆದು, ಟೆಸ್ಟರು ಒರೆಸಿ ಕೊಟ್ಟು, ಹಿಂದಿಯಲ್ಲಿ ಹೇಳಿದ: "ಭಾಭಿಗೆ ಹೇಳಿ, ಏಳನೇ ಚೀಲ ಒಂದು ಹೊಲಿಯಲಿ. ಬೆನ್ನಿನ ಕೆಲಸದ್ದು."

ಗುಲಾಬಿ ಗುಲಾಬಿ

ನಮ್ಮ ಬಿಲ್ಡಿಂಗಿನಲ್ಲಿ ವಿಜಯಪುರದ ಒಬ್ಬ ಅಕ್ಕ ಇದ್ದಾರೆ. ಮದುವೆ ಮನೆಗಳಿಗೆ ಹೋಗಿ ಮೇಕಪ್ ಮಾಡುತ್ತಾರೆ. ನನ್ನ ಚೀಲಗಳನ್ನು ನೋಡಿ ತಮಗೂ ಒಂದು ಬೇಕೆಂದರು. ಅದೇ ಗುಲಾಬಿ ಬಟ್ಟೆ ಇನ್ನೂ ಉಳಿದಿತ್ತು. ಒಂದು ಬೆಳಿಗ್ಗೆ ಅವರು ನಮ್ಮಲ್ಲಿ ಚಹಾ ಕುಡಿದು ಕೆಲಸಕ್ಕೆ ಹೊರಟಾಗ ಅವರದೂ ನನ್ನದೂ ಒಂದೇ ಮೇಜಿನ ಮೇಲಿದ್ದವು. ಮುಂದೆ ಏನಾಯಿತು ಎಂದು ಯಾರಾದರೂ ಊಹಿಸಬಹುದು. ಆದರೆ ಇಷ್ಟು ಚೆನ್ನಾಗಿ ಆಗುತ್ತದೆ ಎಂದು ನಾನು ಊಹಿಸಿರಲಿಲ್ಲ.

ಸ್ವಿಚ್ಚಿನ ಸಣ್ಣ ಕೆಲಸ ಎಂದು ಗುಲಾಬಿ ಚೀಲ ಒಂದನ್ನೇ ಒಯ್ದಿದ್ದವನು ಮಾಟುಂಗದ ಹೋಟೆಲೊಂದರ ಅಡುಗೆಮನೆಯಲ್ಲಿ ಜಿಪ್ ಎಳೆದೆ. ಲಿಪ್‌ಸ್ಟಿಕ್ಕು, ಹುಬ್ಬಿನ ಚಿಮಟ, ನೇಲ್ ಪಾಲಿಶ್. ಅಷ್ಟರಲ್ಲಿ ಫೋನು.

"ಅಣ್ಣಾ, ಮದುಮಗಳ ಮುಂದ ನಿಂತೀನಿ, ನನ್ನ ಕೈಯಾಗ ಪಕ್ಕಡ ಅದ!"

"ಅಕ್ಕಾ, ನಾ ಗ್ರೈಂಡರ್ ಮುಂದ ನಿಂತೀನಿ, ನನ್ನ ಕೈಯಾಗ ಲಿಪ್‌ಸ್ಟಿಕ್ ಅದ!"

ಇಬ್ಬರಿಗೂ ವಾಪಸು ಹೋಗಲು ಹೊತ್ತಿಲ್ಲ. ಅಕ್ಕ ಮದುಮಗಳ ಅತ್ತಿಗೆಯ ಲಿಪ್‌ಸ್ಟಿಕ್ಕು ಕೇಳಿ ಪಡೆದರು. ಅಷ್ಟರಲ್ಲಿ ಮದುಮಗಳ ಸರದ ಕೊಕ್ಕೆ ಬಾಯಿ ಬಿಟ್ಟು ಮನೆಯವರೆಲ್ಲ ಗಾಬರಿಯಾದರು. ಅಕ್ಕ ನನ್ನ ಸಣ್ಣ ಪಕ್ಕಡದಿಂದ ಕೊಕ್ಕೆಯನ್ನು ಒಂದೇ ಸಲಕ್ಕೆ ಒತ್ತಿ ಕೂರಿಸಿದರು. ಇಷ್ಟು ತಯಾರಿಯಿಂದ ಬರುವವರನ್ನು ನೋಡೇ ಇಲ್ಲ ಎಂದು ಮದುಮಗಳ ತಾಯಿ ಅವರ ಕೈ ಹಿಡಿದುಕೊಂಡರಂತೆ.

ಇತ್ತ ನಾನು ಸ್ವಿಚ್ಚಿನ ಸಂದಿಯಲ್ಲಿ ಮುರಿದು ಕೂತ ತಂತಿಯ ಚೂರನ್ನು ಹುಬ್ಬಿನ ಚಿಮಟದಿಂದ ತೆಗೆದೆ. ಹೋಟೆಲಿನವರ ಹಳೆಯ ಸ್ಕ್ರೂಡ್ರೈವರಿನಿಂದ ಸ್ಕ್ರೂ ಬಿಗಿದೆ. ಗ್ರೈಂಡರು ಅದುರಿದಾಗ ಸ್ಕ್ರೂ ಸಡಿಲವಾಗದಿರಲಿ ಎಂದು ಒಂದೊಂದರ ತಲೆಗೂ ಒಂದೊಂದು ಹನಿ ಕೆಂಪು ನೇಲ್ ಪಾಲಿಶ್ ಹಾಕಿದೆ. ರಿಪೇರಿಯವರಲ್ಲಿ ಇದು ಗೊತ್ತಿರುವ ಉಪಾಯವೇ.

ಅಡುಗೆಯವರು ಬಗ್ಗಿ ನೋಡಿದರು. "ಸಾಕು ಮಾರಾಯ್ರೆ, ರುಬ್ಬುವುದಕ್ಕೆ ಇಷ್ಟು ಚಂದ ಸಾಕು. ಇವತ್ತು ಅದನ್ನು ನೋಡಲಿಕ್ಕೆ ಗಂಡಿನ ಕಡೆಯವರು ಬರುವುದಿಲ್ಲ."

ಮೆಕ್ಯಾನಿಕ್ ಬೇಕು

ಹೋದ ಮಳೆಗಾಲದಲ್ಲಿ ನನಗೆ ಜ್ವರ ಬಂದು ಮಲಗಿದ್ದೆ. ಬೆಳಿಗ್ಗೆ ಗ್ರಾಂಟ್ ರೋಡಿನ ಮಾಲೀಕರ ಫೋನು. ಮೋಟರು ತಿರುಗುತ್ತದೆ, ಕಲ್ಲು ತಿರುಗುವುದಿಲ್ಲ. ಅಕ್ಕಿ, ಉದ್ದು ನೆನೆದು ಕೂತಿವೆ. ಮಧ್ಯಾಹ್ನದೊಳಗೆ ರುಬ್ಬದಿದ್ದರೆ ನಾಳೆ ಹೋಟೆಲು ತೆಗೆಯುವ ಹಾಗಿಲ್ಲ. ಏಳಲು ನೋಡಿದೆ. ತಲೆ ತಿರುಗಿ ಗೋಡೆ ಹಿಡಿದೆ.

ನನ್ನ ಹೆಂಡತಿ ಆಗಲೇ ಆರು ಚೀಲ ಎತ್ತಿ ಹೆಗಲ ಚೀಲಕ್ಕೆ ಹಾಕುತ್ತಿದ್ದಳು.

"ನೀನು ಹೋಗಿ ಏನು ಮಾಡ್ತಿ?"

"ಆರೂ ನಾನ ಹೊಲದೀನಿ. ಯಾವುದರಾಗ ಏನದ, ಯಾಕದ, ನನಗ ಗೊತ್ತಿಲ್ಲೇನು?"

"ಮೊದಲು ಪ್ಲಗ್ ತಗೀಬೇಕು" ಎಂದು ಮೂರು ಸಲ ಹೇಳಿದೆ. ಮೂರನೇ ಸಲ ಹೇಳುವಾಗ ಆಕೆ ಮೆಟ್ಟಿಲು ಇಳಿದಾಗಿತ್ತು.

ಒಂದು ಗಂಟೆಯ ನಂತರ ನಾನೇ ಫೋನು ಮಾಡಿದೆ. "ಪ್ಲಗ್ ತಗದೀನಿ, ಮುಚ್ಚಳಾ ಬಿಚ್ಚಲಿಕ್ಕತ್ತೀನಿ" ಎಂದಳು.

"ಅರಿಶಿನ ಚೀಲದಾಗ ಹನ್ನೆರಡರ ಪಾನಾ..."

"ಫೋನ್ ಇಡ್ರಿ, ಕೈ ಖಾಲಿ ಇಲ್ಲ."

ಆಮೇಲಿನ ಅರ್ಧ ಗಂಟೆ ನನ್ನ ಜ್ವರ ಇಳಿಯಿತೋ ಏರಿತೋ ನನಗೇ ತಿಳಿಯಲಿಲ್ಲ. ಕೊನೆಗೆ ಆಕೆಯದೇ ಫೋನು ಬಂತು. ಆಕೆಯ ದನಿಗಿಂತ ಮೊದಲು ಕೇಳಿಸಿದ್ದು ಗ್ರೈಂಡರಿನ ಗುರುಗುರು.

"ಬೆಲ್ಟ್ ಸಡಲಾಗಿ ಜಾರಿತ್ರಿ. ನನ್ನ ಹೊಲಿಗಿ ಮಶೀನಿನ ಪಟ್ಟಿನೂ ಹಿಂಗ ಜಾರ್ತದ. ಕೂಡಿಸಿ, ಮೋಟರ್ ಹಿಂದ ಸರಿಸಿ, ಬಿಗದೀನಿ. ನೀವು ಗಂಜಿ ಕುಡದ್ರಿಲ್ಲೋ?"

ಪಕ್ಕದಲ್ಲಿ ಮುಚ್ಚಿಟ್ಟಿದ್ದ ಗಂಜಿ ಎತ್ತಿ ಕುಡಿದೆ. ಭಟ್ಟರು ಆಕೆಗೆ ಬಿಸಿ ದೋಸೆ ಕೊಟ್ಟರಂತೆ, ಮಾಲೀಕರು ಗಲ್ಲಾ ಬಿಟ್ಟು ಎದ್ದು ನಿಂತು ಕೈಮುಗಿದರಂತೆ. ಇಪ್ಪತ್ತು ವರ್ಷದಲ್ಲಿ ನನಗಾಗಿ ಅವರು ಗಲ್ಲಾದಿಂದ ಎದ್ದದ್ದು ಒಂದೇ ಸಲ, ಬೈಯುವುದಕ್ಕೆ.

ಮುಂದಿನ ವಾರ ಅದೇ ಹೋಟೆಲಿನಿಂದ ಮತ್ತೆ ಕರೆ ಬಂತು. ನಾನು ಚೇತರಿಸಿಕೊಂಡು, ಅಂಗಿ ತೊಟ್ಟು, ಚಪ್ಪಲಿಯಲ್ಲಿ ಕಾಲಿಟ್ಟಿದ್ದೆ.

"ಮಿಕ್ಸರು ನಿಂತಿದೆ. ಮೆಕ್ಯಾನಿಕ್ ಇದ್ದಾರಾ?" ಎಂದರು ಮಾಲೀಕರು.

"ನಾನ ಮಾತಾಡ್ಲಿಕ್ಕತ್ತೀನ್ರಿ. ಜ್ವರ ಬಿಟ್ಟದ, ಈಗ ಹೊಂಟೆ."

ಮಾಲೀಕರು ತುಂಬಾ ಮರ್ಯಾದೆಯಿಂದ ಹೇಳಿದರು:

"ನೀವು ಇನ್ನೂ ಎರಡು ದಿನ ಮಲಗಿ ಮಾರಾಯ್ರೆ. ಫೋನು ಮೆಕ್ಯಾನಿಕ್ಕಿಗೆ ಕೊಡಿ."