ಹೂಂ ಅನ್ನುವ ತಲೆ

ಆ ಭಾನುವಾರದ ರಗಳೆಗೆಲ್ಲ ಮೂಲ ಒಂದು ನಾಟಿ ಕೋಳಿ. ಕೋಳಿ ಇದ್ದದ್ದು ಅಂಜನಾಪುರದಲ್ಲಿ, ರಗಳೆ ಆದದ್ದು ಬಿಟಿಎಂ ಲೇಔಟಿನಲ್ಲಿ, ಸಿಕ್ಕಿಬಿದ್ದದ್ದು ಮಾತ್ರ ಆ ಕೋಳಿಯನ್ನು ಕಣ್ಣಲ್ಲೂ ಕಾಣದ ಕರೆಪ್ಪ.

ಕರೆಪ್ಪ ಬಾಗಲಕೋಟೆ ಕಡೆಯವನು. ಕೊರಿಯರ್ ಆಫೀಸೊಂದರಲ್ಲಿ ಕೆಲಸ. ಹಗಲೆಲ್ಲ ಪಾರ್ಸಲ್ಲು ಎಲ್ಲಿ ಹೋಯಿತು ಎಂದು ಫೋನಿನಲ್ಲಿ ಬೈಸಿಕೊಂಡು, ರೂಮಿಗೆ ಬಂದ ಮೇಲೆ ತಲೆ ಮಾಡುತ್ತಿದ್ದ. ತಲೆ ಎಂದರೆ ಮನುಷ್ಯನ ತಲೆಯೇ. ಕಣ್ಣು ಹೊರಳಿಸುವ, ರೆಪ್ಪೆ ಬಡಿಯುವ, ಕತ್ತು ಆಡಿಸುವ, ಬಾಯಿ ತೆರೆಯುವ ಯಂತ್ರದ ತಲೆ. ದೊಡ್ಡ ಕಂಪನಿಗಳು ಲ್ಯಾಬು ಕಟ್ಟಿಕೊಂಡು ಮಾಡುವ ಕೆಲಸವನ್ನು ಅವನು ಒಂದು ಸ್ಕ್ರೂಡ್ರೈವರು, ಒಂದು ಸಾಲ್ಡರಿಂಗ್ ಕಡ್ಡಿ ಮತ್ತು ಜೆಪಿ ನಗರದ ಯಾರೋ ಬೇಜಾರಾಗಿ ಮಾರಿದ ಹಳೇ ತ್ರೀಡಿ ಪ್ರಿಂಟರಿನಿಂದ ಮಾಡಿ ಮುಗಿಸಿದ್ದ. ಬುರುಡೆ ಪ್ರಿಂಟರಿನದು. ಕಣ್ಣುಗುಡ್ಡೆ ಟೇಬಲ್ ಟೆನಿಸ್ ಚೆಂಡು. ದವಡೆ ಎಳೆಯುವುದಕ್ಕೆ ಸೈಕಲ್ ಬ್ರೇಕಿನ ತಂತಿ, ಹುಬ್ಬು ಏರಿಸುವುದಕ್ಕೆ ಆಟಿಕೆ ವಿಮಾನದ ಪುಟ್ಟ ಮೋಟರು. ಸಿಲಿಕೋನಿನ ಚರ್ಮಕ್ಕೆ ಸರಿಯಾದ ಬಣ್ಣ ಕೂರಿಸಲು ಎಷ್ಟು ಸಲ ಬೆರೆಸಿ ಎಷ್ಟು ಸಲ ಚೆಲ್ಲಿದನೋ ಅವನಿಗೇ ಗೊತ್ತು. ಕೊನೆಗೆ ಬಂದ ಬಣ್ಣ ನೋಡಿದರೆ ಮುಟ್ಟಬೇಕು ಅನ್ನಿಸುತ್ತಿತ್ತು, ಮುಟ್ಟಿದರೆ ಕ್ಷಮಿಸಿ ಎನ್ನಬೇಕು ಅನ್ನಿಸುತ್ತಿತ್ತು.

ಇಂಥ ಕಲೆಗೆ ಬೆಂಗಳೂರಿನಲ್ಲಿ ಜಾಗ ಸಿಗುವುದು ಸುಲಭವಲ್ಲ. ತಿಲಕ್ ನಗರದ ಓನರು ಡ್ರಿಲ್ಲಿನ ಸದ್ದು ತಾಳದೆ ಹೊರಗೆ ಹಾಕಿದ. ಆಮೇಲಿನ ಮನೆಯಾಕೆ, ಬಟ್ಟೆ ಒಣಹಾಕುವ ತಂತಿಯ ಮೇಲೆ ಕ್ಲಿಪ್ಪು ಹಾಕಿ ಒಣಗಲು ಬಿಟ್ಟಿದ್ದ ಒಂದು ಮುಖ ನೋಡಿ ಪೊಲೀಸರಿಗೆ ಫೋನು ಮಾಡಿದಳು. ಮೂರನೆಯವನೇ ಬಿಟಿಎಂ ಲೇಔಟಿನ ಬೋರಣ್ಣ. ಒಂದು ಕಾಲಕ್ಕೆ ಅಲ್ಲೇ ರಾಗಿ ಬೆಳೆಯುತ್ತಿದ್ದವನು, ಈಗ ಅದೇ ಹೊಲದ ಮೇಲೆ ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟವನು. ಅವನಿಗೆ ಸದ್ದಿನ ತಕರಾರು ಇರಲಿಲ್ಲ. ಅಷ್ಟೇ ಅಲ್ಲ, ಮುಖದ ಅಚ್ಚು ತೆಗೆಯಲು ಯಾರೂ ಸಿಗದಿದ್ದಾಗ ಮೂಗಿಗೆ ಸ್ಟ್ರಾ ಸಿಕ್ಕಿಸಿಕೊಂಡು, ಮುಖದ ತುಂಬ ಪ್ಲಾಸ್ಟರು ಬಳಿಸಿಕೊಂಡು ಮಲಗಿದ್ದವನೂ ಅವನೇ. ಪ್ಲಾಸ್ಟರು ಕೀಳುವಾಗ ಮೀಸೆಯೂ ಅರ್ಧ ಕಿತ್ತು ಬಂತು. ಆ ಕೂದಲನ್ನೂ ಹಾಳು ಮಾಡದೆ ಕರೆಪ್ಪ ತಲೆಗೆ ಅಂಟಿಸಿದ. ಹೀಗಾಗಿ ಆ ತಲೆ, ಕೆನ್ನೆಯ ಮೇಲಿನ ಮಚ್ಚೆ ಸಮೇತ, ಸಾಕ್ಷಾತ್ ಬೋರಣ್ಣನೇ.

ಭಾನುವಾರ ಬೆಳಿಗ್ಗೆ ಬೋರಣ್ಣ ಮೆಟ್ಟಿಲು ಹತ್ತಿ ಬಂದು ಕರೆಪ್ಪನ ರೂಮಿನ ಬಾಗಿಲು ಹಾಕಿಕೊಂಡ.

"ಕರೆಪ್ಪ, ಅಂಜನಾಪುರದಲ್ಲಿ ಮುನಿಯಣ್ಣ ನಾಟಿ ಕೋಳಿ ಸಾರು ಮಾಡಿಸ್ತಾವ್ನೆ. ನಾನು ಹೋಗ್ಲೇಬೇಕು. ಆದ್ರೆ ಇವತ್ತೇ ನಮ್ಮವಳ ಅಕ್ಕ ಸೊಣ್ಣಮ್ಮ ಶ್ರೀನಗರದಿಂದ ಬರ್ತಾವ್ಳೆ. ಹೋದ್ಸಲ ಅವಳು ಮಾತಾಡ್ತಿರುವಾಗ ನಾನು ಎದ್ದು ಹೋದೆ ಅಂತ ನಮ್ಮ ಗೌರಮ್ಮ ವಾರ ಪೂರ್ತಿ ನನಗೆ ಅನ್ನ ಕುಕ್ಕಿ ಬಡಿಸಿದ್ಲು. ಇವತ್ತು ಕುರ್ಚಿ ಬಿಟ್ಟು ಏಳಂಗಿಲ್ಲ."

"ಹಂಗಾರ ಹೋಗಬ್ಯಾಡ್ರಿ."

"ನಾನು ಹೋಗ್ತೀನಿ. ಕುರ್ಚೀಲಿ ಇವನು ಕೂತಿರ್ತಾನೆ," ಎಂದು ಬೋರಣ್ಣ ಮೇಜಿನ ಮೇಲಿದ್ದ ತನ್ನದೇ ತಲೆಯನ್ನು ತೋರಿಸಿದ.

ಕರೆಪ್ಪ ಮೇಜಿಗೆ ಅಡ್ಡ ಬಂದು ನಿಂತ. "ಅದಕ್ಕ ಮಾತು ಬರಂಗಿಲ್ರಿ. ಎದುರಿನವರು ಮಾತು ನಿಲ್ಲಿಸಿದ ಕೂಡ್ಲೆ ಕತ್ತು ಆಡಿಸಿ ಹೂಂ ಅಂತದ, ಅಷ್ಟ. ನಮ್ಮೂರಾಗ ನಮ್ಮವ್ವ ಕತಿ ಹೇಳುವಾಗ ಹೂಂ ಅನ್ನಾಕ ಒಬ್ರು ಬೇಕಾಗತಿತ್ತು. ಅದನ್ನ ನೆನಸ್ಕೊಂಡು ಮಾಡೀನ್ರಿ."

"ಸೊಣ್ಣಮ್ಮನ ಮುಂದೆ ನಾನೇನು ಭಾಷಣ ಮಾಡ್ತೀನಾ? ನಾನು ಅನ್ನೋದೂ ಅಷ್ಟೇ."

"ಸಿಕ್ಕಿಬಿದ್ರ?"

"ನೀನು ಪಕ್ಕದಲ್ಲೇ ಟಿವಿ ರಿಪೇರಿ ಮಾಡೋ ಥರ ಕೂತಿರು. ನೋಡಪ್ಪ, ನಿನ್ನ ಡ್ರಿಲ್ಲಿನ ಬಗ್ಗೆ ಬೀದಿಯವರೆಲ್ಲ ನನ್ನ ಹತ್ರ ಬಂದು ದೂರು ಹೇಳ್ತಾರೆ. ನಾನು ಬಾಯಿ ಮುಚ್ಕೊಂಡಿದ್ದೀನಿ. ಈ ರೂಮು ನಿನಗೆ ಬೇಕೋ ಬೇಡ್ವೋ?"

ರೂಮು ಬೇಕಿತ್ತು. ಇದು ಕೈಬಿಟ್ಟರೆ ಡ್ರಿಲ್ಲನ್ನೂ ತಲೆಯನ್ನೂ ಒಳಗೆ ಬಿಟ್ಟುಕೊಳ್ಳುವ ಇನ್ನೊಬ್ಬ ಓನರು ಈ ಊರಿನಲ್ಲಿ ಸಿಗುತ್ತಾನೆಂಬ ನಂಬಿಕೆ ಕರೆಪ್ಪನಿಗೆ ಇರಲಿಲ್ಲ. ಅವನು ಒಪ್ಪಿಕೊಂಡ.

ಗೌರಮ್ಮ ಸೊಪ್ಪು ತರಲು ಹೋದ ಹೊತ್ತು ನೋಡಿ, ಇಬ್ಬರೂ ಸೇರಿ ನಡುಮನೆಯ ಕಿಟಕಿ ಪಕ್ಕದ ಆರಾಮ ಕುರ್ಚಿಯಲ್ಲಿ ದಿಂಬು ಪೇರಿಸಿದರು. ಬ್ಯಾಟರಿ ಒಳಗೆ ತುರುಕಿ, ಮೇಲೆ ತಲೆ ಕೂರಿಸಿ, ಕತ್ತಿನ ತನಕ ಶಾಲು ಹೊದಿಸಿ, ಮಂಕಿ ಕ್ಯಾಪು ಹಾಕಿದರು. ಜನವರಿಯ ಚಳಿಯಲ್ಲಿ ಮಂಕಿ ಕ್ಯಾಪು ಹಾಕಿಕೊಂಡು ಕೂತವನನ್ನು ಯಾರೂ ಎರಡನೇ ಸಲ ನೋಡುವುದಿಲ್ಲ. ಬೋರಣ್ಣ ಮಾತ್ರ ನಿಂತು ನೋಡಿದ. "ನಾನು ಇಷ್ಟು ಚೆನ್ನಾಗಿದ್ದೀನೇನಯ್ಯ!" ಎಂದವನೇ ಆ ಮುಖಕ್ಕೆ ದೃಷ್ಟಿ ನಿವಾಳಿಸಿ ಹಿಂಬಾಗಿಲಿನಿಂದ ಪಾರಾದ.

ಸೊಣ್ಣಮ್ಮ ಬಂದಳು. ಕಣ್ಣಿನ ಪೊರೆಯ ಆಪರೇಷನ್ ಆಗಿ ದೊಡ್ಡ ಕರಿ ಕನ್ನಡಕ ಹಾಕಿದ್ದಳು. ಅದನ್ನು ನೋಡಿ ಟಿವಿ ಹಿಂದೆ ಕೂತಿದ್ದ ಕರೆಪ್ಪ ಮನಸ್ಸಿನಲ್ಲೇ ಡಾಕ್ಟರಿಗೆ ಕೈ ಮುಗಿದ.

"ಬೋರಣ್ಣೋರೆ, ಚೆನ್ನಾಗಿದ್ದೀರಾ?"

ತಲೆ ರೆಪ್ಪೆ ಬಡಿಯಿತು. ಕತ್ತು ಮೆಲ್ಲಗೆ ವಾಲಿತು. "ಹೂಂ."

ಸೊಣ್ಣಮ್ಮ ಆಪರೇಷನ್ನಿನ ಕತೆ ಶುರು ಮಾಡಿದಳು. ಡಾಕ್ಟರು ಏನಂದರು, ನರ್ಸು ಏನಂದಳು, ಪಕ್ಕದ ಮಂಚದ ಮುದುಕಿಯ ಸೊಸೆ ಎಂಥ ಗಯ್ಯಾಳಿ. ಅವಳು ಉಸಿರು ಎಳೆದುಕೊಂಡಲ್ಲೆಲ್ಲ ತಲೆ ಸರಿಯಾಗಿ ಹೂಂ ಅಂದಿತು. ಸೊಸೆಯ ವಿಷಯ ಬಂದಾಗ ಹುಬ್ಬನ್ನೂ ಏರಿಸಿತು. ಅಷ್ಟು ಭಯದಲ್ಲೂ ಕರೆಪ್ಪನಿಗೆ ಹೆಮ್ಮೆಯಿಂದ ಮೈ ಜುಮ್ಮೆಂದಿತು.

"ಗೌರಾ, ನಿನ್ನ ಗಂಡ ಸುಧಾರಿಸವ್ರೆ ಕಣೆ," ಎಂದಳು ಸೊಣ್ಣಮ್ಮ. "ಮದುವೆ ಆದಾಗಿಂದ ಇವರು ನನ್ನ ಮಾತು ಒಂದು ದಿನಾನೂ ಪೂರ್ತಿ ಕೇಳಿರ್ಲಿಲ್ಲ."

"ಹೂಂ," ಎಂದಿತು ತಲೆ.

ಅಷ್ಟರಲ್ಲಿ ಅಡುಗೆಮನೆಯಲ್ಲಿ ಕುಕ್ಕರು ಕೂಗಿತು. ತಲೆ ಅದಕ್ಕೂ ಹೂಂ ಅಂದಿತು. ಕುಕ್ಕರು ಮತ್ತೆ ಕೂಗಿತು, ಮತ್ತೆ ಹೂಂ.

"ಹೊಟ್ಟೆ ಹಸ್ದಿರಬೇಕ್ರಿ," ಎಂದ ಕರೆಪ್ಪ ಟಿವಿ ಹಿಂದಿನಿಂದ.

ಗೌರಮ್ಮ ಕಾಫಿ ತಂದು ಗಂಡನ ಪಕ್ಕದ ಸ್ಟೂಲಿನ ಮೇಲಿಟ್ಟು ಒಳಗೆ ಹೋದಳು. ಲೋಟ ಹಾಗೇ ಇದ್ದರೆ ಅನುಮಾನ ಖಂಡಿತ. ಸೊಣ್ಣಮ್ಮ ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುವಷ್ಟರಲ್ಲಿ ಕರೆಪ್ಪ ಕೈಚಾಚಿ ಗಟಗಟನೆ ಕುಡಿದ. ಸಕ್ಕರೆ ಕಾಯಿಲೆಯವನ ಕಾಫಿ, ಕಷಾಯದ ಹಾಗಿತ್ತು.

ಆಗ ಕಿಟಕಿಯಲ್ಲಿ ಪಕ್ಕದ ಮನೆ ಹನುಮಯ್ಯನ ಮುಖ ಕಂಡಿತು. ಬೋರಣ್ಣನ ಗೇಟಿನ ಮುಂದೆ ಗಾಡಿ ನಿಲ್ಲಿಸಲು ಬಂದು ಬೈಸಿಕೊಳ್ಳದ ವಾರವಿಲ್ಲ ಆತನಿಗೆ. "ಬೋರಣ್ಣೋರೆ, ನೆಂಟರು ಬಂದವ್ರೆ. ಇವತ್ತೊಂದಿನ ಕಾರು ನಿಮ್ಮ ಗೇಟ್ ಮುಂದೆ ಹಾಕ್ಲಾ?"

"ಹೂಂ."

ಹನುಮಯ್ಯನಿಗೆ ತನ್ನ ಕಿವಿಯ ಮೇಲೇ ನಂಬಿಕೆ ಬರಲಿಲ್ಲ. ಧೈರ್ಯ ಮಾಡಿ ಕೇಳಿದ. "ದಿನಾ ಹಾಕ್ಕೊಂಡ್ರೆ ಪರವಾಗಿಲ್ವಾ?"

"ಹೂಂ."

"ದೇವರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ!" ಎಂದು ಹನುಮಯ್ಯ ಕೀ ತರಲು ಓಡಿದ.

ಖಾಲಿ ಲೋಟ ತೆಗೆದುಕೊಳ್ಳಲು ಬಂದ ಗೌರಮ್ಮ ಇದನ್ನು ಕೇಳಿಸಿಕೊಂಡಳು. ಗಂಡನ ಮುಂದೆ ಒಂದು ಗಳಿಗೆ ನಿಂತಳು. ಮಂಕಿ ಕ್ಯಾಪು ಸರಿಮಾಡಿ, ಸೆರಗಿನಿಂದ ಗಲ್ಲ ಒರೆಸಿದಳು. ಕರೆಪ್ಪ ಕಣ್ಣು ಮುಚ್ಚಿಕೊಂಡು ಬಂದದ್ದು ಬರಲಿ ಎಂದು ಕಾದ. ಏನೂ ಬರಲಿಲ್ಲ. "ಇನ್ನೊಂದು ಲೋಟ ತರ್ತೀನಿ ಇರಿ," ಎಂದಳು ಅಷ್ಟೇ. ಎರಡನೇ ಲೋಟವನ್ನೂ ಕರೆಪ್ಪನೇ ಮುಗಿಸಿದ. ಇದು ಒಳ್ಳೇ ಸಿಹಿಯಾಗಿ, ಬಾಯಿಗೆ ಹಿತವಾಗಿತ್ತು. ಅವನ ಜೀವ ಸ್ವಲ್ಪ ತಣ್ಣಗಾಯಿತು.

ಗೌರಮ್ಮ ಅಕ್ಕನ ಪಕ್ಕ ಬಂದು ಕೂತಳು. "ಅಕ್ಕ, ದಿನೇಶನ ವಿಷಯ ಇವರಿಗೆ ಹೇಳು."

ದಿನೇಶ ಸೊಣ್ಣಮ್ಮನ ಮಗ. ಮದುವೆ ಗೊತ್ತಾಗಿತ್ತು. ಶ್ರೀನಗರದ ಮನೆಯಲ್ಲಿ ಹೊಸ ಮಂಚ ಹಾಕಲೂ ಜಾಗವಿರಲಿಲ್ಲ. ಸೊಣ್ಣಮ್ಮ ಹೇಳಿದಳು, ತಲೆ ಹೂಂಗುಟ್ಟಿತು. ಆಮೇಲೆ ಗೌರಮ್ಮ ಗಂಡನ ಕಡೆ ತಿರುಗಿ, ಒಂದೊಂದು ಮಾತನ್ನೂ ಬಿಡಿಸಿ ಕೇಳಿದಳು.

"ರೀ, ಮೇಲಿನ ರೂಮು ದಿನೇಶನಿಗೆ ಬಿಟ್ಕೊಡೋಣ್ವಾ?"

ಕೇಳಿ ಮಾತು ನಿಲ್ಲಿಸಿದಳು. ಕರೆಪ್ಪ ಸ್ಕ್ರೂಡ್ರೈವರು ಎಸೆದು ದಿಂಬಿನೊಳಗೆ ಕೈ ತೂರಿಸಿ ವಯರು ಹುಡುಕಿದ. ಸಿಕ್ಕಿದ್ದು ಶಾಲಿನ ಕುಚ್ಚು.

"ಹೂಂ," ಎಂದಿತು ತಲೆ.

"ಬ್ಯಾಡ್ರಿ!" ಎಂದು ಕಿರುಚಿದ ಕರೆಪ್ಪ.

"ಹೂಂ," ಎಂದು ಅದಕ್ಕೂ ತಲೆಯಾಡಿಸಿತು ತಲೆ.

"ಏನಪ್ಪ ಬೇಡ?" ಎಂದಳು ಸೊಣ್ಣಮ್ಮ.

"ಟಿವಿ ಮುಟ್ಟಬ್ಯಾಡ್ರಿ ಅಂದೆ. ಶಾಕ್ ಹೊಡೀತದ."

"ಬರೋ ತಿಂಗಳೇ ಖಾಲಿ ಮಾಡಿಸೋಣ್ವಾ?" ಎಂದಳು ಗೌರಮ್ಮ.

"ಹೂಂ."

ಗೌರಮ್ಮ ದೇವರ ಮುಂದಿದ್ದ ವೀಳ್ಯದೆಲೆ ಅಡಿಕೆ ತಂದು ಗಂಡನ ಮಡಿಲಲ್ಲಿಟ್ಟಳು. ಆ ಮನೆಯಲ್ಲಿ ವೀಳ್ಯ ಹಿಡಿದ ಮೇಲೆ ಮಾತು ಮುರಿದವರಿಲ್ಲ. ವಯರು ಕರೆಪ್ಪನ ಕೈಗೆ ಸಿಕ್ಕಿದ್ದು ಆಗ. ತಲೆ ಕಣ್ಣು ಅರೆಮುಚ್ಚಿ, ದೊಡ್ಡ ಉಪಕಾರ ಮಾಡಿದ ಕಳೆಯಲ್ಲಿ ನಿಂತುಹೋಯಿತು.

ಅಕ್ಕ ತಂಗಿ ಊಟ ಮುಗಿಸಿ ಒಳಗೆ ಹರಟುತ್ತಿದ್ದಾಗ ಬೋರಣ್ಣ ಹಿಂಬಾಗಿಲಿನಿಂದ ಬಂದ. ಮೈಯೆಲ್ಲ ಸಾರಿನ ಘಮ. ತಲೆಯನ್ನು ಬ್ಯಾಟರಿ ಸಮೇತ ಎತ್ತಿ ಕರೆಪ್ಪನ ಕೈಗೆ ಕೊಟ್ಟು, ದಿಂಬು ಸರಿಸಿ ಕುರ್ಚಿಯಲ್ಲಿ ತಾನು ಕೂತು, "ಗೇಟ್ ಮುಂದೆ ಯಾವನದಯ್ಯ ಆ ಕಾರು?" ಎಂದ. ಕರೆಪ್ಪ ಪಿಸುಮಾತಿನಲ್ಲಿ ಎಲ್ಲ ಹೇಳಿದ.

"ಹೋಗಿ ಹೇಳ್ರಿ, ಅಂದಿದ್ದು ನಾನಲ್ಲ ಅಂತ!"

"ಹೇಳಿದ್ರೆ, ನೀವು ಎಲ್ಲಿದ್ರಿ ಅಂತ ಕೇಳ್ತಾಳಲ್ಲ." ಬೋರಣ್ಣ ಕುರ್ಚಿಯಲ್ಲಿ ಸಿಕ್ಕಿದ ವೀಳ್ಯದೆಲೆಯನ್ನೇ ನೋಡುತ್ತಿದ್ದ. "ಬೋರಣ್ಣ ಒಂದ್ಸಲ ಹೂಂ ಅಂದ್ರೆ ಮುಗೀತು ಕಣಯ್ಯ. ಮರ್ಯಾದೆ ಪ್ರಶ್ನೆ."

"ನೀವು ಅಂದಿಲ್ಲಲ್ರಿ!"

"ಮುಖ ನಂದೇ ತಾನೆ?"

ಸಂಜೆ ಕರೆಪ್ಪ ಸಾಮಾನು ಕಟ್ಟಲು ಕೂತ. ಮೊದಲು ತಲೆಗೆ ಹಳೇ ಟವಲು ಸುತ್ತುತ್ತಿದ್ದಾಗ ಗೌರಮ್ಮ ಕಾಫಿ ಹಿಡಿದು ಬಂದಳು. ಅವನು ಗಾಬರಿಯಿಂದ ತಲೆಯನ್ನು ಬೆನ್ನ ಹಿಂದೆ ಇಟ್ಟುಕೊಂಡ.

"ಸಕ್ಕರೆ ಸರಿಯಾಗಿದೆಯಾ ನೋಡು," ಎಂದಳು ಗೌರಮ್ಮ. "ಬೆಳಿಗ್ಗೆ ಎರಡನೇ ಲೋಟದಲ್ಲಿ ಸರಿಯಾಗಿತ್ತಾ?"

ಕರೆಪ್ಪನಿಗೆ ಕಾಫಿ ನೆತ್ತಿಗೇರಿತು.

"ನಮ್ಮವರಿಗೆ ಸಕ್ಕರೆ ಹಾಕಿ ಕಾಫಿ ಕೊಟ್ಟು ಎಷ್ಟು ವರ್ಷ ಆಯ್ತೋ. ಅದು ನಿನಗೆ ಅಂತಲೇ ಮಾಡಿದ್ದು."

"ಅಮ್ಮಾರ, ನಿಮಗ ಗೊತ್ತಿತ್ತೇನ್ರಿ?"

"ಹನುಮಯ್ಯನ ಕಾರಿಗೆ ಹೂಂ ಅಂದಾಗ ಅನುಮಾನ ಬಂತು, ಗಲ್ಲ ಒರೆಸಿದಾಗ ಗೊತ್ತಾಯ್ತು. ದಿನೇಶನಿಗೆ ರೂಮು ಕೇಳಿ ಕೇಳಿ ನನಗೆ ಸಾಕಾಗಿತ್ತಪ್ಪ. ಆ ಮನುಷ್ಯನ ಬಾಯಲ್ಲಿ ಊಹೂಂ ಬಿಟ್ಟು ಇನ್ನೊಂದು ಬರಲ್ಲ. ನಿನ್ನ ಮೇಲೆ ನನಗೇನೂ ಕೋಪ ಇಲ್ಲ." ಗೌರಮ್ಮ ಅವನ ಬೆನ್ನ ಹಿಂದಿನಿಂದ ತಲೆಯನ್ನು ಎತ್ತಿಕೊಂಡು ಟವಲು ಬಿಚ್ಚಿದಳು. "ಎಂಥ ಕೆಲಸ ಮಾಡಿದ್ದೀಯೋ! ಆ ಮಚ್ಚೆ, ಆ ಮೀಸೆ. ನಾನು ಮಾತಾಡಿದ್ರೆ ನನ್ನ ಕಡೆ ಕತ್ತು ತಿರುಗಿಸ್ತದಲ್ಲ, ಅದು ಯಾರಿಗಪ್ಪ ಬರುತ್ತೆ? ನಮ್ಮವರಿಗೂ ಬರಲ್ಲ."

ಕರೆಪ್ಪನ ಕಣ್ಣು ತುಂಬಿ ಬಂತು. ಆ ತಲೆಯನ್ನು ನೋಡಿ ಹೆದರಿದವರಿದ್ದರು, ನಕ್ಕವರಿದ್ದರು, ಪೊಲೀಸರಿಗೆ ಹೇಳಿದವರಿದ್ದರು. ಹೊಗಳಿದವರು ಇವಳೊಬ್ಬಳೇ.

"ಹೋಗುವಾಗ ಇದನ್ನ ಇಲ್ಲೇ ಬಿಟ್ಟು ಹೋಗಪ್ಪ," ಎಂದಳು ಗೌರಮ್ಮ. "ನನ್ನ ಮಾತಿಗೆ ಹೂಂ ಅನ್ನೋಕೆ ಮನೇಲಿ ಒಬ್ರು ಬೇಕು."

"ರೂಮೂ ಹೋತು, ತಲೀನೂ ಹೋತು. ನಾ ಎಲ್ಲಿಗೆ ಹೋಗ್ಲಿ ಅಮ್ಮಾರ? ನನಗ ಮನಿ ಯಾರ್ ಕೊಡ್ತಾರ್ರಿ?"

ಗೌರಮ್ಮ ವಯರು ಹುಡುಕಿ ತಾನೇ ಬ್ಯಾಟರಿಗೆ ಸಿಕ್ಕಿಸಿದಳು. "ಇವನಿಗೆ ಇದಕ್ಕಿಂತ ಒಳ್ಳೇ ಮನೆ ಸಿಗುತ್ತೆ, ಅಲ್ವೇನ್ರಿ?"

ತಲೆ ರೆಪ್ಪೆ ಬಡಿಯಿತು. ಮೆಲ್ಲಗೆ ಕರೆಪ್ಪನ ಕಡೆ ಕತ್ತು ತಿರುಗಿಸಿ, ಹುಬ್ಬು ಏರಿಸಿ, "ಹೂಂ" ಅಂದಿತು.

ಗೌರಮ್ಮ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಮೆಟ್ಟಿಲು ಇಳಿದಳು. ನಾಳೆ ಏನು ಅಡುಗೆ, ಹಾಲಿನವನು ಎಷ್ಟು ನೀರು ಬೆರೆಸ್ತಾನೆ ಎಂದೆಲ್ಲ ಅವಳು ಹೇಳುತ್ತ ಹೋಗುವುದು, ಪ್ರತಿ ಮಾತಿಗೂ ಅದು ಹೂಂ ಅನ್ನುವುದು ಕೆಳಗಿನ ತನಕ ಕೇಳಿಸಿತು. ಖಾಲಿ ಮೇಜಿನ ಮುಂದೆ ಕೂತ ಕರೆಪ್ಪ ಕೊನೆಯ ಹೂಂ ತನಕ ಕಿವಿಗೊಟ್ಟು ಕೇಳಿದ.

"ಒಂದ ಹೂಂ ಆದ್ರೂ ತಪ್ಪೇತೇನು ನೋಡು!" ಎಂದು ಕಣ್ಣೊರೆಸಿಕೊಂಡ.