ಅಪ್ಪ ಹಾಕದ ಸ್ವೆಟರು

ಕೆಲವರ ಮಾನ ಹೋಗಬೇಕಾದರೆ ಅವರು ಏನಾದರೂ ದೊಡ್ಡದನ್ನೇ ಮಾಡಬೇಕು. ನನಗೆ ಆ ಕಷ್ಟವಿಲ್ಲ. ನಾನು ಬಾಯಿ ತೆರೆದರೆ ಸಾಕು, ಅದು ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಡುತ್ತದೆ. ದೋಹಾಕ್ಕೆ ಬಂದು ಹದಿನೆಂಟು ವರ್ಷವಾಯಿತು. ಅಷ್ಟೂ ವರ್ಷ ಅಲ್ಲಿಷ್ಟು ಇಲ್ಲಿಷ್ಟು ಹೋಗುತ್ತಿದ್ದ ಮಾನ, ಹೋದ ವರ್ಷ ಒಂದು ಉಣ್ಣೆಯ ಸ್ವೆಟರಿನ ದೆಸೆಯಿಂದ ಸಾಲುಗಟ್ಟಿ ಹೋಯಿತು.

೧. ಸಮುದ್ರದಲ್ಲಿ ಚಳಿ

ನನ್ನದು ಹಡಗು ರಿಪೇರಿ ಕಂಪನಿಯೊಂದರಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್ ಕೆಲಸ. ಅಂದರೆ ಯಾವ ಕಾಗದ ಎಲ್ಲಿದೆ ಎಂದು ಕೇಳಿದವರಿಗೆ ಹೇಳುವುದು. ನಮ್ಮ ಬಾಸ್ ಸ್ಕಾಟ್ಲೆಂಡಿನವರು. ನವೆಂಬರಿನಲ್ಲಿ ರಿಟೈರ್ ಆಗಿ ಊರಿಗೆ ಹೊರಡುವವರಿದ್ದರು. ಒಂದು ದಿನ ಫೋನಿನಲ್ಲಿ ಒಂದು ಚಿತ್ರ ತೋರಿಸಿದರು. ಅವರ ಕಡೆಯ ಮೀನುಗಾರರು ಹಾಕುವ ಸ್ವೆಟರಂತೆ. ಎಲ್ಲೂ ಹೊಲಿಗೆ ಇಲ್ಲ. ಕೆಳಗಿನಿಂದ ಮೇಲಕ್ಕೆ ಕೊಳವೆಯ ಹಾಗೆ ಸುತ್ತಿಸುತ್ತಿ ಹೆಣೆದದ್ದು. ಒಂದೊಂದು ಊರಿಗೆ ಒಂದೊಂದು ವಿನ್ಯಾಸ.

"ನೀನೂ ಮೀನುಗಾರರ ಮಗಳಲ್ಲವೇ? ನಿಮ್ಮಲ್ಲಿ ಏನು ಹಾಕುತ್ತಾರೆ?" ಎಂದು ಕೇಳಿದರು.

ನನ್ನ ಅಪ್ಪ ಮಲ್ಪೆಯಲ್ಲಿ ನಲವತ್ತು ವರ್ಷ ಕಡಲಿಗೆ ಹೋದವರು. ಹಾಕುತ್ತಿದ್ದದ್ದು ಸೊಂಟಕ್ಕೊಂದು ಕೋಮಣ, ತಲೆಗೊಂದು ಅಡಿಕೆ ಹಾಳೆಯ ಟೊಪ್ಪಿ. ಎದುರಿಗೆ ಕೋಟು-ಟೈಯಲ್ಲಿ ಬಾಸ್, ಪಕ್ಕದಲ್ಲಿ ಇಬ್ಬರು ಇಂಜಿನಿಯರುಗಳು. ಕೋಮಣ ಎಂಬ ಶಬ್ದ ಗಂಟಲಿನವರೆಗೆ ಬಂದು ನಾಚಿಕೆಯಿಂದ ವಾಪಸು ಹೋಯಿತು.

"ನಮ್ಮಲ್ಲೂ ಇದೇ ಸರ್. ಸ್ವೆಟರ್" ಎಂದೆ.

"ಅರಬ್ಬೀ ಸಮುದ್ರದಲ್ಲಿ?"

"ಮಳೆಗಾಲದಲ್ಲಿ ಭಾರಿ ಚಳಿ ಸರ್."

ಅವರ ಕಣ್ಣು ಅರಳಿತು. "ಹಾಗಾದರೆ ನಿನಗೆ ಹೆಣೆಯಲಿಕ್ಕೂ ಬರುತ್ತದೆ!"

ನನಗೆ ಬರುತ್ತಿದ್ದದ್ದು ಶಾಲೆಯಲ್ಲಿ ಸಿಸ್ಟರ್ ಕಲಿಸಿದ ಮಗುವಿನ ಕುಲಾವಿ. ಅದನ್ನೂ ನನ್ನ ಎರಡು ಮಕ್ಕಳೂ ಕಿತ್ತೆಸೆದಿದ್ದರು. ಆದರೂ "ಹೌದು ಸರ್" ಎಂದೆ. "ನಿಮ್ಮೂರಿನ ವಿನ್ಯಾಸದ್ದೊಂದು ನನಗೆ ಹೆಣೆದುಕೊಡುತ್ತೀಯಾ?" ಎಂದರು. ಅದಕ್ಕೂ "ಹೌದು ಸರ್" ಎಂದೆ. ಒಮ್ಮೆ ಹೌದು ಎಂದು ಶುರು ಮಾಡಿದರೆ ನನಗೆ ಬ್ರೇಕಿಲ್ಲ.

೨. ಆಗಸ್ಟಿನಲ್ಲಿ ಉಣ್ಣೆ

ಉಣ್ಣೆಗಾಗಿ ಮದೀನತ್ ಖಲೀಫಾದ ಒಂದು ಅಂಗಡಿಗೆ ಹೋದೆ. ಹೊರಗೆ ಬಿಸಿಲಿಗೆ ರಸ್ತೆಯೇ ಅಲ್ಲಾಡುತ್ತಿತ್ತು. ಅಂಗಡಿಯವರು ತ್ರಿಶೂರಿನ ಮಲಯಾಳಿ. ದಪ್ಪ ಉಣ್ಣೆ, ಹದಿನೈದು ಉಂಡೆ ಎಂದೆ. ಅವರು ನನ್ನನ್ನೂ ಬಾಗಿಲಿನ ಹೊರಗಿನ ಬಿಸಿಲನ್ನೂ ಒಮ್ಮೆ ನೋಡಿದರು.

"ಚೇಚಿ ಕೆನಡಾಕ್ಕೆ ಹೋಗುವುದಾ?"

"ಇಲ್ಲ. ಇಲ್ಲೇ. ನಮ್ಮ ಬಾಸಿಗೆ ಸ್ವೆಟರ್."

ಅವರು ಏಣಿ ಹತ್ತಿ, ಧೂಳು ಹೊಡೆದು ಉಂಡೆಗಳನ್ನು ಇಳಿಸಿದರು. ಜೊತೆಗೆ ಉದ್ದದ ವೈರಿನ ಎರಡು ತುದಿಗೆ ಎರಡು ಕಡ್ಡಿ ಇರುವ ಸುತ್ತುಕಡ್ಡಿಯನ್ನೂ ಕೊಟ್ಟರು. ಚೀಲ ನನ್ನ ಕೈಗೆ ಕೊಡುವಾಗ ತುಂಬ ಮೆಲ್ಲಗೆ, ಅಣ್ಣನ ಹಾಗೆ ಹೇಳಿದರು: "ಬಾಸಿನ ಮೇಲೆ ಅಷ್ಟು ಸಿಟ್ಟಿದ್ದರೆ ಕೆಲಸ ಬಿಟ್ಟುಬಿಡಬಹುದಲ್ಲಾ ಚೇಚಿ."

೩. ಮನುಷ್ಯ ಹೋಗುವ ದಾರಿ

ಈ ಹೆಣಿಗೆಯಲ್ಲಿ ಮೊದಲು ಇನ್ನೂರ ನಲವತ್ತು ಕುಣಿಕೆಗಳನ್ನು ಕಡ್ಡಿಗೆ ಏರಿಸಬೇಕು. ಆಮೇಲೆ ಎರಡು ತುದಿ ಸೇರಿಸಿ ಸುತ್ತ ಹೆಣೆಯುತ್ತಾ ಹೋಗಬೇಕು. ಸೇರಿಸುವಾಗ ತಿರುಚಿಕೊಳ್ಳದಂತೆ ನೋಡಿಕೊಳ್ಳಿ ಎಂದು ನಾನು ನೋಡಿ ಕಲಿಯುತ್ತಿದ್ದ ವಿಡಿಯೋದ ಹೆಂಗಸು ಮೂರು ಸಲ ಹೇಳಿದ್ದಳು. ನಾನು ಅದನ್ನು ದಡ್ಡರಿಗೆ ಹೇಳಿದ್ದು ಎಂದುಕೊಂಡೆ.

ಅಲ್ ಮುಂತಜಾದ ನಮ್ಮ ಮನೆಯಿಂದ ಆಫೀಸಿಗೆ ಕಂಪನಿ ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಹೋಗುವಾಗ ಬರುವಾಗ ಹೆಣೆದೆ. ಹನ್ನೆರಡು ದಿನದಲ್ಲಿ ಒಂದು ಗೇಣು ಆಯಿತು. ಬಸ್ಸಿನ ಹೆಂಗಸರೆಲ್ಲ "ವಾವ್" ಅನ್ನುತ್ತಿದ್ದರು. ನಾನು ತಲೆ ಎತ್ತದೆ, ಹುಟ್ಟಿನಿಂದ ಇದೇ ಕೆಲಸ ಎಂಬಂತೆ ಕಡ್ಡಿ ಆಡಿಸುತ್ತಿದ್ದೆ.

ಹದಿಮೂರನೆಯ ದಿನ ಸಿಗ್ನಲ್ಲಿನಲ್ಲಿ ಬಸ್ಸು ನಿಂತಾಗ ನಮ್ಮ ಪಠಾಣ ಡ್ರೈವರ್ ಹಿಂದೆ ತಿರುಗಿ ನೋಡಿದ. ಕೈ ಚಾಚಿ ಅದನ್ನು ಇಸಿದುಕೊಂಡ. ಹೀಗೆ ಹಿಡಿದ, ಹಾಗೆ ಹಿಡಿದ. ಅದು ಹೇಗೆ ಹಿಡಿದರೂ ಜಿಲೇಬಿಯ ಹಾಗೆ ತಿರುಚಿಕೊಂಡೇ ಇತ್ತು. ಹಿಂದಿನವರು ಹಾರ್ನ್ ಹೊಡೆಯತೊಡಗಿದರು.

"ಬೆಹೆನ್‌ಜೀ, ಕೆಲಸ ಏನೋ ಬಹಳ ಚೆನ್ನಾಗಿದೆ" ಎಂದು ಹಿಂದಿಯಲ್ಲಿ ಕೇಳಿದ, "ಆದರೆ ಇದರೊಳಗೆ ಮನುಷ್ಯ ಎಲ್ಲಿಂದ ನುಗ್ಗುತ್ತಾನೆ?"

ತಿರುಚಿದ್ದನ್ನು ಬಿಚ್ಚದೆ ಸರಿಮಾಡುವ ವಿದ್ಯೆ ಪ್ರಪಂಚದಲ್ಲಿಲ್ಲ. ಸಂಜೆಯ ಬಸ್ಸಿನಲ್ಲಿ ನಾನು ನೂಲು ಎಳೆಯುತ್ತಾ ಹೋದೆ, ಪಕ್ಕದ ಸೀಟಿನ ಫಿಲಿಪಿನೋ ಹೆಂಗಸು ಉಂಡೆ ಸುತ್ತುತ್ತಾ ಬಂದಳು. ಹನ್ನೆರಡು ದಿನದ ಕೀರ್ತಿ ಏಳು ಸಿಗ್ನಲ್ಲಿನಲ್ಲಿ ಖಲಾಸ್.

೪. ಗಂಡನ ಉಸಿರು

ಎರಡನೆಯ ಸಲ ನೆಟ್ಟಗೆ ಬಂತು. ಅಕ್ಟೋಬರಿಗೆ ಮೈ ಮುಗಿದು, ಹೆಗಲು ಕೂಡಿ, ಕುತ್ತಿಗೆಯ ಪಟ್ಟಿಯವರೆಗೆ ಬಂದಿತ್ತು. ಅಳತೆ ನೋಡಲು ನನ್ನ ಗಂಡನನ್ನು ಕರೆದೆ. ಆವತ್ತು ನಮ್ಮ ಹಳೇ ಬಿಲ್ಡಿಂಗಿನಲ್ಲಿ ಎಸಿ ಮಾಫಿ, ಕೆಟ್ಟು ಕೂತಿತ್ತು.

"ಎರಡೇ ನಿಮಿಷ" ಎಂದು ತಲೆಯ ಮೇಲಿಂದ ಇಳಿಸಿದೆ. ಮೈ ಇಳಿಯಿತು, ತಲೆ ಹೊರಬರಲಿಲ್ಲ. ಕುತ್ತಿಗೆಯ ಕುಣಿಕೆಗಳು ಇನ್ನೂ ಸುತ್ತುಕಡ್ಡಿಯಲ್ಲೇ ಇದ್ದವು. ಮೇಲೆ ಎಳೆದರೆ ಕಡ್ಡಿ ಕಿವಿಗೆ ಚುಚ್ಚುತ್ತದೆ, ಕೆಳಗೆ ಎಳೆದರೆ ಮೂಗಿಗೆ. ತೋಳು ಇನ್ನೂ ಹೆಣೆಯದ ಕಾರಣ ಕೈ ತೂರಿಸಬೇಕಾದ ತೂತು ಎಲ್ಲಿದೆ ಎಂದು ಅವರಿಗೆ ಒಳಗಿನಿಂದ ಸಿಗಲಿಲ್ಲ. "ಉಸಿರು... ಉಸಿರು..." ಎಂದು ಉಣ್ಣೆಯೊಳಗಿನಿಂದ ಕೇಳುತ್ತಿತ್ತು.

ನಾನು ಹೆದರಿ ಬಾಗಿಲು ತೆಗೆದು ಎದುರು ಮನೆಯವರನ್ನು ಕೂಗಿದೆ. ಅವರು ಬಂಟ್ವಾಳ ಕಡೆಯ ಬ್ಯಾರಿಗಳು, ಅತ್ತರಿನ ವ್ಯಾಪಾರ, ತುಂಬ ಸಮಾಧಾನದ ಮನುಷ್ಯ. ಒಳಗೆ ಬಂದು ನೋಡಿದರೆ ಹಾಲಿನ ಮಧ್ಯೆ ತಲೆಯೂ ಕೈಯೂ ಇಲ್ಲದ ಒಂದು ಆಕೃತಿ ಸೋಫಾಕ್ಕೆ ಢಿಕ್ಕಿ ಹೊಡೆಯುತ್ತಿತ್ತು. ಅವರು ನೇರ ಹೋಗಿ ಕಡ್ಡಿಯನ್ನೇ ಎಳೆದು ತೆಗೆದರು. ತಲೆ ಹೊರಗೆ ಬಂತು, ಟೊಮೆಟೊದ ಹಾಗೆ.

ನೀರು ಕುಡಿಸಿ, ಗಾಳಿ ಹಾಕಿ, ಹೋಗುವಾಗ ಬಾಗಿಲ ಬಳಿ ನನ್ನನ್ನು ಕರೆದರು.

"ಅಕ್ಕಾ, ಗಂಡ ಹೆಂಡತಿ ಅಂದ ಮೇಲೆ ಮಾತು ಬರ್ತದೆ, ಹೋಗ್ತದೆ. ಕೂತು ಮಾತಾಡಿ ಸರಿ ಮಾಡುವ. ಇಂಥದ್ದೆಲ್ಲ ಬೇಡ. ಇಲ್ಲಿ ಕಾನೂನು ಭಾರಿ ಸ್ಟ್ರಿಕ್ಟ್ ಉಂಟು."

೫. ಅಪ್ಪನ ಮಾತು

ಜಾರಿದ ಕುಣಿಕೆಗಳನ್ನು ಹೆಕ್ಕಿ, ತೋಳು ಹೆಣೆದು ಮುಗಿಸುವಷ್ಟರಲ್ಲಿ ನವೆಂಬರು ಬಂತು. ಬೀಳ್ಕೊಡುಗೆ ಒಂದು ಗುರುವಾರ ಮಧ್ಯಾಹ್ನ, ಆಫೀಸಿನ ಹಾಲಿನಲ್ಲಿ. ಆ ಹೊತ್ತಿಗೆ ಅಪ್ಪ ವಿಸಿಟ್ ವೀಸಾದಲ್ಲಿ ನಮ್ಮ ಮನೆಗೆ ಬಂದು ಎರಡು ವಾರವಾಗಿತ್ತು. ಏನೇ ಆದರೂ ಅಪ್ಪನನ್ನು ಆಫೀಸಿನ ಹತ್ತಿರ ಕರೆತರಬೇಡಿ ಎಂದು ಗಂಡನಿಗೆ ಹೇಳಿದ್ದೆ. ಯಾಕೆ ಎಂದು ಮಾತ್ರ ಹೇಳಿರಲಿಲ್ಲ. ಅದೇ ತಪ್ಪಾಯಿತು. ಮಗಳ ಹೆಣಿಗೆಗೆ ಚಪ್ಪಾಳೆ ಬೀಳುವುದನ್ನು ಮಾವ ನೋಡಲಿ ಎಂದು ಅವರು ಕರೆದುಕೊಂಡೇ ಬಂದುಬಿಟ್ಟರು. ಬಿಳಿ ಪಂಚೆ, ಬಿಳಿ ಶರ್ಟು, ಹೆಗಲಿಗೆ ಬೈರಾಸಿನ ಟವೆಲು. ಅಪ್ಪ ಬಾಗಿಲಲ್ಲಿ ನಿಂತು ಕೈ ಮುಗಿಯುತ್ತಿದ್ದರು.

ಬಾಸ್ ಆಗಲೇ ಟೈಯ ಮೇಲೆಯೇ ಸ್ವೆಟರ್ ಹಾಕಿಕೊಂಡು ಭಾಷಣಕ್ಕೆ ನಿಂತಿದ್ದರು. "ಇದು ಇವಳ ಊರಿನ ಮೀನುಗಾರರ ತಲೆತಲಾಂತರದ ವಿನ್ಯಾಸ" ಎಂದರು. ಅದನ್ನು ನಾನು ಇಂಟರ್ನೆಟ್ಟಿನಿಂದ ಇಳಿಸಿದ್ದೆ. ಅಷ್ಟರಲ್ಲಿ ಯಾರೋ "ಅವರೇ ಇವಳ ತಂದೆ" ಎಂದರು. ಬಾಸ್ ಭಾಷಣ ಬಿಟ್ಟು ಓಡಿ ಹೋಗಿ ಅಪ್ಪನ ಎರಡೂ ಕೈ ಹಿಡಿದು ಮುಂದಕ್ಕೆ ಕರೆತಂದರು.

"ನೀವು ಕಡಲಿಗೆ ಹೋಗುವಾಗ ಏನು ಹಾಕುತ್ತಿದ್ದಿರಿ? ಎಲ್ಲರಿಗೂ ಹೇಳಿ" ಎಂದರು. ನನ್ನತ್ತ ತಿರುಗಿ, "ನೀನು ಭಾಷಾಂತರ ಮಾಡು."

ನಾನು ತುಳುವಿನಲ್ಲಿ ಅಪ್ಪನಿಗೆ, "ಪ್ರಯಾಣ ಹೇಗಾಯ್ತು ಅಂತ ಕೇಳ್ತಿದ್ದಾರೆ" ಎಂದೆ. ಆದರೆ ಅಪ್ಪ ಪ್ರಾಯದಲ್ಲಿ ಕೆಲವು ವರ್ಷ ಬೊಂಬಾಯಿಯ ಬೋಟುಗಳಲ್ಲೂ ದುಡಿದವರು, ನಾಲ್ಕಕ್ಷರ ಇಂಗ್ಲಿಷ್ ಕಿವಿಗೆ ಬಿದ್ದಿತ್ತು.

"ಅಲ್ಲ ಮಗಾ, ಬಟ್ಟೆಯ ಸಂಗತಿ ಕೇಳಿದ್ದು" ಎಂದು ನನ್ನನ್ನು ತಿದ್ದಿ, ಗಾಳಿ-ಅಲೆಯ ಮೇಲೆ ಕೂಗಿ ಅಭ್ಯಾಸವಾದ ಸ್ವರದಲ್ಲಿ ತುಳುವಿನಲ್ಲೇ ಹೇಳಿದರು: "ಒಂದು ಕೋಮಣ. ಬಲೆಯ ಹಗ್ಗ ತುಂಡಾದ ದಿನ ಅದೂ ಇಲ್ಲ. ಅದನ್ನು ಬಿಚ್ಚಿಯೇ ಹಗ್ಗ ಕಟ್ಟುವುದು."

"ದಪ್ಪ ಉಣ್ಣೆ ಅಂತೆ ಸರ್" ಎಂದೆ ನಾನು.

ನಮ್ಮ ಆಫೀಸಿನಲ್ಲಿ ಅರ್ಧಕ್ಕರ್ಧ ಜನ ಉಡುಪಿ-ಮಂಗಳೂರಿನ ತುಳುವರು. ಸಭೆಗೆ ಸಭೆಯೇ ನಗೆಯಲ್ಲಿ ಸಿಡಿಯಿತು. ಸ್ಟೋರಿನವರು ಗೋಡೆಗೆ ಹಣೆ ಒತ್ತಿಕೊಂಡು ನಕ್ಕರು. ಅಕೌಂಟ್ಸಿನ ಶೆಟ್ಟರ ಮೂಗಿನಿಂದ ಜ್ಯೂಸು ಬಂತು. ಬಾಸ್ ಮಾತ್ರ ಏನೂ ತಿಳಿಯದೆ, ನಗುವುದೋ ಬೇಡವೋ ಎಂದು ಸುತ್ತ ನೋಡುತ್ತಿದ್ದರು.

ಅಪ್ಪನ ಮುಖ ಸಣ್ಣದಾಯಿತು. ಬೈರಾಸನ್ನು ಹೆಗಲಿನಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡು, "ಮಗಾ, ನಾನು ಏನಾದರೂ ತಪ್ಪು ಹೇಳಿದೆನಾ? ನಿನಗೆ ನಾಚಿಕೆಯಾಯ್ತಾ?" ಎಂದು ಮೆಲ್ಲಗೆ ಕೇಳಿದರು.

ನೆಲದ ಟೈಲ್ಸ್ ಬಾಯಿ ಬಿಟ್ಟಿದ್ದರೆ ಖುಷಿಯಿಂದ ಇಳಿದುಹೋಗುತ್ತಿದ್ದೆ. ಆ ಕೋಮಣವೇ ನನ್ನ ಫೀಸು ಕಟ್ಟಿದ್ದು, ಅದೇ ನನಗೆ ಇಂಗ್ಲಿಷ್ ಕಲಿಸಿದ್ದು. ಆ ಇಂಗ್ಲಿಷಿನಲ್ಲೇ ನಾನು ಅದಕ್ಕೆ ಉಣ್ಣೆ ಹೊದಿಸಿದ್ದೆ.

"ತಪ್ಪು ಹೇಳಿದ್ದು ನಾನಪ್ಪಾ" ಎಂದೆ. ಆಮೇಲೆ ಬಾಸಿನ ಕಡೆ ತಿರುಗಿ, ಎಲ್ಲರೆದುರು, ಮೊದಲಿನಿಂದ ಎಲ್ಲವನ್ನೂ ಹೇಳಿದೆ. ಕೋಮಣವನ್ನೂ ಬಿಡಲಿಲ್ಲ. ಇಂಗ್ಲಿಷಿನಲ್ಲಿ ಅದಕ್ಕೆ ಸರಿಯಾದ ಶಬ್ದ ಸಿಗದೆ ಕೈಯಲ್ಲಿ ಅಳತೆ ತೋರಿಸಿದೆ. ಯಾರೂ ನಗಲಿಲ್ಲ.

ಬಾಸ್ ಬೆವರಿನಿಂದ ಒದ್ದೆಯಾದ ಆ ಸ್ವೆಟರನ್ನು ಕಷ್ಟಪಟ್ಟು ಕಳಚಿ, ಅಪ್ಪನ ಕೈಗೆ ಕೊಟ್ಟರು. "ಜೀವಮಾನವಿಡೀ ಬಲೆ ಹೆಣೆದವರು ಇವರು. ಮಗಳ ಕೆಲಸ ಹೇಗಿದೆ, ಕೇಳು."

ಅಪ್ಪ ಕನ್ನಡಕ ಏರಿಸಿದರು. ಸ್ವೆಟರನ್ನು ಬೆಳಕಿಗೆ ಹಿಡಿದರು, ಎರಡೂ ಕಡೆ ಎಳೆದು ಬಲ ನೋಡಿದರು, ಕಿರುಬೆರಳನ್ನು ಒಂದೊಂದು ಕುಣಿಕೆಗೂ ತೂರಿಸಿ ನೋಡಿದರು. ಕೊನೆಗೆ ತಲೆ ಅಲ್ಲಾಡಿಸಿದರು.

"ಗಂಟು ಗಟ್ಟಿ ಉಂಟು. ಆದರೆ ಬಲೆಯ ಕಣ್ಣು ಇಷ್ಟು ಸಣ್ಣ ಆಗಬಾರದು ಮಗಾ. ಮರಿಮೀನು ಸಹ ಸಿಕ್ಕಿಬೀಳ್ತದೆ. ದೊರೆಗಳಿಗೆ ಹೇಳು, ಇದನ್ನು ಕಡಲಿಗೆ ಇಳಿಸಿದರೆ ಫಿಶರೀಸಿನವರು ಬೋಟನ್ನೇ ಹಿಡಿಯುತ್ತಾರೆ."

ನಾನು ಒಂದಕ್ಷರವನ್ನೂ ಬದಲಿಸದೆ ಭಾಷಾಂತರ ಮಾಡಿದೆ.